ಮೂವತ್ತೈದು ‘ಪರವಾಗಿಲ್ಲ’

೨೦೦೭ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ವೃತ್ತಿ ಮಾಹಿತಿ ಕೇಂದ್ರದ ಮುಖ್ಯಸ್ಥೆಯಾಗಿದ್ದೆ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದ್ದೆ. ಅದರಲ್ಲಿ ಕೊನೆಯ ಏಳು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಸ್ವಯಂ ನಿವೃತ್ತಿ ಪಡೆದ ಮೂರನೇ ತಿಂಗಳಿಗೆ ಈ ಕೆಲಸ ಸಿಕ್ಕಿತು. ಕೇಂದ್ರವನ್ನು ನಡೆಸುತ್ತಿದ್ದದ್ದು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆ. ಹಳೇ ಬಸ್ ನಿಲ್ದಾಣದ ಹತ್ತಿರ, ನೂಲಿನ ಅಂಗಡಿಯೊಂದರ ಮಹಡಿಯಲ್ಲಿ ಎರಡು ಕೋಣೆ, ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಸಿಬ್ಬಂದಿ ಇಬ್ಬರೇ. ನಾನು, ಮತ್ತು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶ್ರೀನಿವಾಸ್.

ಶ್ರೀನಿವಾಸ್‌ಗೆ ಆಗ ನಲವತ್ತಾರು. ಊರಿನಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿದ ಮೇಲೆ ತಾವೇ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದಿದ್ದರು.

ದೇವನಹಳ್ಳಿಯ ವಿಮಾನ ನಿಲ್ದಾಣದ ಕೆಲಸ ಆಗ ಭರದಿಂದ ನಡೆಯುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅಲ್ಲಿ ಕೆಲಸ ಸಿಗುತ್ತದಂತೆ. ಯಾವ ಕೆಲಸ, ಅದಕ್ಕೆ ಏನು ಓದಿರಬೇಕು, ಯಾರಿಗೆ ಅರ್ಜಿ ಕೊಡಬೇಕು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆ ಮಾಹಿತಿ ಕೊಡುವುದೇ ನಮ್ಮ ಕೆಲಸ. ಕಂಪ್ಯೂಟರಿನಲ್ಲಿ ನೂರಕ್ಕೂ ಹೆಚ್ಚು ಉದ್ಯೋಗಗಳ ವಿವರವನ್ನು ಚಿತ್ರಸಮೇತ ಹಾಕಿದ್ದೆವು. ಸಾಮಾನು ತೂಗುವವರು, ಟ್ರಾಲಿ ತಳ್ಳುವವರು, ಅಗ್ನಿಶಾಮಕದವರು, ಟಿಕೆಟ್ ನೋಡುವವರು ಹೀಗೆ. ಬಂದವರು ಕುಳಿತು ನೋಡಬಹುದಿತ್ತು. ಅದರ ಜೊತೆಗೆ ಒಂದು ಆಸಕ್ತಿ ಪರೀಕ್ಷೆಯೂ ಇತ್ತು. ಈ ಕಥೆ ಆ ಪರೀಕ್ಷೆಯದು.

ಆಸಕ್ತಿ ಪರೀಕ್ಷೆ ಎಂದರೆ ಪಾಸು ಫೇಲಿನ ಪರೀಕ್ಷೆಯಲ್ಲ. ತೆರೆಯ ಮೇಲೆ ಒಂದೊಂದಾಗಿ ತೊಂಬತ್ತು ಕೆಲಸಗಳು ಬರುತ್ತವೆ. ‘ಕೆಟ್ಟ ಯಂತ್ರವನ್ನು ಬಿಚ್ಚಿ ಜೋಡಿಸುವುದು’, ‘ಅಪರಿಚಿತರಿಗೆ ದಾರಿ ತೋರಿಸುವುದು’, ‘ಲೆಕ್ಕ ಬರೆದಿಡುವುದು’ ಇತ್ಯಾದಿ. ಪ್ರತಿಯೊಂದಕ್ಕೂ ಮೂರು ಉತ್ತರ, ಮೂರು ಕೀಲಿ. ಒಂದು ಒತ್ತಿದರೆ ಇಷ್ಟ, ಮೂರು ಒತ್ತಿದರೆ ಇಷ್ಟವಿಲ್ಲ. ಎರಡು ಒತ್ತಿದರೆ ಇವೆರಡೂ ಅಲ್ಲ, ಹೇಗಿದ್ದರೂ ನನಗೆ ಒಂದೇ ಎಂದರ್ಥ. ತೊಂಬತ್ತು ಪ್ರಶ್ನೆಗಳನ್ನು ಹದಿನೈದರಂತೆ ಆರು ಗುಂಪು ಮಾಡಿದ್ದರು. ಒಂದು ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ‘ಇಷ್ಟ’ ಬಂದರೆ ಆ ಗುಂಪಿನ ಉದ್ಯೋಗಗಳನ್ನು ಕಂಪ್ಯೂಟರು ಸೂಚಿಸುತ್ತಿತ್ತು. ಯಾವ ಗುಂಪಿನಲ್ಲೂ ಐದು ದಾಟದಿದ್ದರೆ ‘ನಿರ್ದಿಷ್ಟ ಆಸಕ್ತಿ ಕಂಡುಬಂದಿಲ್ಲ’ ಎಂದು ಅಚ್ಚಾಗುತ್ತಿತ್ತು. ಅಂಥವರಿಗೆ ಸಾಮಾನ್ಯ ಸೇವೆ, ಅಂದರೆ ಹೌಸ್‌ಕೀಪಿಂಗ್, ಪ್ಯಾಕಿಂಗ್, ಕ್ಯಾಂಟೀನು.

ಪರೀಕ್ಷೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತಂದವಳು ನಾನು. ಆ ವರ್ಷದ ಮೇ ತಿಂಗಳಲ್ಲಿ ಹತ್ತೊಂಬತ್ತು ದಿನ ಕುಳಿತು ಮಾಡಿದೆ. ತೊಂಬತ್ತು ವಾಕ್ಯಗಳೂ ಸಲೀಸಾಗಿ ಬಂದವು. ತೊಡಕಾದದ್ದು ಆ ಎರಡನೆಯ ಉತ್ತರ. ಮೊದಲು ‘ಉದಾಸೀನ’ ಎಂದು ಬರೆದೆ. ಪುಸ್ತಕದ ಮಾತಾಯಿತು ಅನ್ನಿಸಿ ಹೊಡೆದುಹಾಕಿದೆ. ಶ್ರೀನಿವಾಸ್ ‘ಹೇಗಾದರೂ ಸರಿ’ ಎಂದು ಸೂಚಿಸಿದರು. ತೆರೆಯ ಮೇಲಿನ ಚೌಕದಲ್ಲಿ ಅದು ಹಿಡಿಸಲಿಲ್ಲ, ಕೊನೆಯ ಅಕ್ಷರ ಕತ್ತರಿಸಿಹೋಗುತ್ತಿತ್ತು. ಕೊನೆಗೆ ನಾನು ‘ಪರವಾಗಿಲ್ಲ’ ಎಂದು ಹಾಕಿದೆ. ಚೌಕದಲ್ಲಿ ಅಚ್ಚುಕಟ್ಟಾಗಿ ಕೂತಿತು. ಜನರಾಡುವ ಮಾತು, ಎಲ್ಲರಿಗೂ ತಿಳಿಯುತ್ತದೆ ಎಂದು ಸಂತೋಷಪಟ್ಟೆ. ಬೆಂಗಳೂರಿನಿಂದ ಬಂದ ಅಧಿಕಾರಿಗಳು ಭಾಷೆ ಸರಳವಾಗಿದೆ ಎಂದು ಹೊಗಳಿ ಹೋದರು.

ಕೇಂದ್ರಕ್ಕೆ ನಾನು ಕೆಲವು ನಿಯಮಗಳನ್ನು ಮಾಡಿದ್ದೆ. ಒಬ್ಬರಿಗೆ ಇಪ್ಪತ್ತೈದು ನಿಮಿಷ. ಹೆಸರು ಕರೆದಾಗ ಇಲ್ಲದವರಿಗೆ ಮಾರನೆಯ ದಿನ. ಒಮ್ಮೆ ಫಲಿತಾಂಶ ಅಚ್ಚಾದ ಮೇಲೆ ಆರು ತಿಂಗಳು ಮರುಪರೀಕ್ಷೆ ಇಲ್ಲ. ಈ ಕೊನೆಯ ನಿಯಮಕ್ಕೆ ಕಾರಣವಿತ್ತು. ಯಾವ ಕೀಲಿ ಒತ್ತಿದರೆ ಯಾವ ಕೆಲಸ ಬರುತ್ತದೆ ಎಂದು ಊರೆಲ್ಲ ತಿಳಿದುಬಿಟ್ಟರೆ ಪರೀಕ್ಷೆಗೆ ಅರ್ಥವಿರುವುದಿಲ್ಲ. ನಾನು ಓದಿದ್ದು ಗಂಟೆ ಹೊಡೆದಂತೆ ಏಳುವ, ಗಂಟೆ ಹೊಡೆದಂತೆ ಉಣ್ಣುವ ವಸತಿ ಶಾಲೆಯಲ್ಲಿ. ನಿಯಮವೆಂದರೆ ನನಗೆ ಬೇಸರವಿಲ್ಲ. ಅದು ನನ್ನ ಕೆಲಸವನ್ನು ಹಗುರ ಮಾಡುತ್ತಿತ್ತು.

ಜುಲೈ ಮೊದಲ ವಾರ ನಾಗವೇಣಿ ಬಂದಳು. ರಾಜಘಟ್ಟದ ಹುಡುಗಿ, ಹತ್ತೊಂಬತ್ತು ವರ್ಷ, ಎಸ್ಸೆಸ್ಸೆಲ್ಸಿ ಎರಡನೇ ದರ್ಜೆ. ಅವಳೂ ತಾಯಿ ಮುನಿಯಮ್ಮನೂ ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ತಾಯಿ ಉಂಡೆಗೆ ನೂಲು ಸುತ್ತುತ್ತಿದ್ದಳು. ಮಗಳು ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಅರ್ಜಿಯಲ್ಲಿ ‘ಈಗಿನ ಕೆಲಸ’ ಎಂಬ ಕಡೆ ಅವಳು ಬರೆದದ್ದು ‘ಮಗ್ಗ’ ಎಂಬ ಒಂದೇ ಮಾತು. ನಾನು ಅದರ ಮೇಲೆ ಹೆಚ್ಚಿಗೆ ಏನೂ ಕೇಳಲಿಲ್ಲ. ಕೇಳುವ ಜಾಗ ಅರ್ಜಿಯಲ್ಲಿರಲಿಲ್ಲ.

ಅದೇ ತಿಂಗಳು ನಮಗೊಂದು ಒಳ್ಳೆಯ ಅವಕಾಶ ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸುವ ಉದ್ದನೆಯ ಬೆಲ್ಟುಗಳಿರುತ್ತವೆ. ಅವುಗಳ ರೋಲರು, ಮೋಟಾರು, ಸರಪಳಿಗಳನ್ನು ನೋಡಿಕೊಳ್ಳಲು ಟ್ರೇನಿಗಳು ಬೇಕಾಗಿದ್ದರು. ಒಂದು ವರ್ಷ ತರಬೇತಿ, ತಿಂಗಳು ತಿಂಗಳು ಭತ್ಯೆ, ನಂತರ ಕಾಯಂ ಕೆಲಸ. ಎಸ್ಸೆಸ್ಸೆಲ್ಸಿ ಸಾಕು, ಐಟಿಐ ಬೇಕಿಲ್ಲ. ಆದರೆ ಇಪ್ಪತ್ತು ತುಂಬಿರಬಾರದು, ಮತ್ತು ಯಂತ್ರಗಳಲ್ಲಿ ಆಸಕ್ತಿ ಇದೆಯೆಂದು ನಮ್ಮಂಥ ಕೇಂದ್ರದ ಪರೀಕ್ಷೆಯಲ್ಲಿ ಬಂದಿರಬೇಕು. ನಮ್ಮ ಪಾಲಿಗೆ ಹನ್ನೆರಡು ಹೆಸರು. ನಾಗವೇಣಿ ಇದನ್ನು ನಮ್ಮ ಬಾಗಿಲ ಮೇಲಿನ ಚೀಟಿಯಲ್ಲಿ ಓದಿಕೊಂಡೇ ಬಂದಿದ್ದಳು. ಅದನ್ನು ಅವಳು ಹೇಳಲಿಲ್ಲ, ನನಗೆ ತಿಳಿದದ್ದು ಆಮೇಲೆ.

ಅವಳು ಪರೀಕ್ಷೆಗೆ ಕುಳಿತಾಗ ತಾಯಿ ಕುರ್ಚಿಯ ಹಿಂದೆಯೇ ನಿಂತಿದ್ದಳು. ಹೊರಗೆ ಕೂರಮ್ಮ ಎಂದೆ, ಕೇಳಲಿಲ್ಲ. ಮುನಿಯಮ್ಮನಿಗೆ ಓದಲು ಬರುತ್ತಿರಲಿಲ್ಲ. ಪ್ರತಿ ಪ್ರಶ್ನೆಗೂ ‘ಏನಂತೆ ಅದು, ಏನಂತೆ’ ಎಂದು ಕೇಳುತ್ತಿದ್ದಳು. ಮಗಳು ಮೆಲ್ಲಗೆ ಓದಿ ಹೇಳುತ್ತಿದ್ದಳು. ಒಂದು ಸಲ ‘ಊರೂರು ಸುತ್ತುವ ಕೆಲಸ’ ಎಂದು ಬಂತು. ಹುಡುಗಿ ಒಂದರ ಮೇಲೆ ಬೆರಳಿಟ್ಟಳು.

“ಅದ್ಯಾಕೆ ಒತ್ತಿಯಾ? ಇಷ್ಟ ಅಂತ ಬರ್ದೈತಾ ಅಲ್ಲಿ?” ಎಂದಳು ತಾಯಿ. “ಹೆಣ್ಮಗಳು ಅದಿಷ್ಟ ಇದಿಷ್ಟ ಅಂತ ಒತ್ಕೊಂಡು ಕೂತ್ರೆ ಮೇಡಮ್ಮೋರು ಏನಂದ್ಕಂತಾರೆ.”

ಶ್ರೀನಿವಾಸ್ ನಕ್ಕರು. “ಸಿನಿಮಾ ಹೀರೋನ ಕೇಳ್ತಿಲ್ಲ ಕಣಮ್ಮ, ಕೆಲಸ ಕೇಳ್ತಿರೋದು.”

“ಯಾವ್ದಾದ್ರೂ ಆಗ್ಲಿ, ಮರ್ಯಾದೆಯಿಂದ ಹೇಳ್ಬೇಕಪ್ಪ,” ಎಂದಳು ಮುನಿಯಮ್ಮ.

ನಾನೂ ನಕ್ಕು ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷಕ್ಕೆ ಇನ್ನೂ ಆರು ಉಳಿದಿತ್ತು. ಹುಡುಗಿ ಆಮೇಲೆ ಬೇಗಬೇಗ ಒತ್ತಿ ಮುಗಿಸಿದಳು. ಹಾಳೆ ಅಚ್ಚಾಗಿ ಬಂತು. ಇಷ್ಟ ನಾಲ್ಕು, ಇಷ್ಟವಿಲ್ಲ ಐವತ್ತೊಂದು, ಪರವಾಗಿಲ್ಲ ಮೂವತ್ತೈದು. ನಿರ್ದಿಷ್ಟ ಆಸಕ್ತಿ ಕಂಡುಬಂದಿಲ್ಲ. ನಾನು ಹೌಸ್‌ಕೀಪಿಂಗ್ ಎಂದು ಬರೆದು ಸಹಿ ಹಾಕಿದೆ.

ಪಟ್ಟಿ ಕಳಿಸುವ ಕೊನೆಯ ದಿನ, ಐದಕ್ಕೆ ಮುಕ್ಕಾಲು ಗಂಟೆ ಇರುವಾಗ, ಅವಳು ಒಬ್ಬಳೇ ಮತ್ತೆ ಬಂದಳು. ಷೆಡ್ಡಿನಿಂದ ನೇರವಾಗಿ ಬಂದಿದ್ದಳೆಂದು ಕಾಣುತ್ತದೆ, ಕೂದಲಿನಲ್ಲಿ ಹತ್ತಿಯ ಎಳೆಗಳಿದ್ದವು. ನನ್ನ ಮೇಜಿನ ಮೇಲೆ ಪಟ್ಟಿ ಲಕೋಟೆಗೆ ಹಾಕಲು ಸಿದ್ಧವಾಗಿತ್ತು. ಅದರಲ್ಲಿ ಹನ್ನೊಂದು ಹೆಸರಿದ್ದವು. ಹನ್ನೆರಡನೆಯದಕ್ಕೆ ಯಂತ್ರದ ಗುಂಪಿನಲ್ಲಿ ಐದು ದಾಟಿದವರು ಯಾರೂ ಉಳಿದಿರಲಿಲ್ಲ.

“ಮೇಡಂ, ಬೆಲ್ಟ್ ಕೆಲ್ಸಕ್ಕೆ ನನ್ ಹೆಸ್ರೂ ಹಾಕಿ,” ಎಂದಳು.

“ಅದರಲ್ಲಿ ನಿನಗೆ ಆಸಕ್ತಿ ಇಲ್ಲ ಅಂತ ಬಂದಿದೆಯಲ್ಲಮ್ಮ.”

“ಯಾರು ಹೇಳಿದ್ದು?”

“ನೀನೇ ಹೇಳಿದ್ದು. ನೋಡು, ನೀನೇ ಒತ್ತಿರೋದು.” ನಾನು ಅವಳ ಹಾಳೆಯನ್ನು ತೆಗೆದು ಮುಂದಿಟ್ಟೆ.

ಅವಳು ಯಂತ್ರದ ಪ್ರಶ್ನೆಗಳ ಸಾಲಿನ ಮೇಲೆ ಬೆರಳು ಓಡಿಸಿದಳು. ತಲೆ ಎತ್ತಿ, “ಪರವಾಗಿಲ್ಲ ಅಂತ ಒತ್ತಿದೀನಲ್ಲ ಮೇಡಂ,” ಎಂದಳು.

“ಅದನ್ನೇ ನಾನೂ ಹೇಳ್ತಿರೋದು.”

ಅವಳಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲೂ ಇಲ್ಲ. ಶ್ರೀನಿವಾಸ್ ತಮ್ಮ ಜಾಗದಿಂದಲೇ, “ಒಂದ್ಸೀಟು ಹೆಂಗೂ ಖಾಲಿ ಐತಲ್ಲ ಮೇಡಂ, ಇನ್ನೊಂದ್ಸಲ ಕೂರ್ಸೋಣ, ಅರ್ಧ ಗಂಟೆ ಕೆಲ್ಸ,” ಎಂದರು. ಆರು ತಿಂಗಳಾಗದೆ ಮರುಪರೀಕ್ಷೆ ಇಲ್ಲ ಎಂದು ಹೇಳಿದೆ. ಹುಡುಗಿಗೆ, ಮನಸ್ಸಿನಲ್ಲಿರುವುದನ್ನು ಸ್ಪಷ್ಟವಾಗಿ ಹೇಳುವುದನ್ನು ಕಲಿಯಬೇಕು, ಮುಂದೆ ಸಂದರ್ಶನಗಳಲ್ಲಿ ಬೇಕಾಗುತ್ತದೆ ಎಂದು ಬುದ್ಧಿವಾದವನ್ನೂ ಹೇಳಿದೆ. ಅವಳು ಆಯ್ತು ಮೇಡಂ ಎಂದು ಮೆಟ್ಟಿಲಿಳಿದು ಹೋದಳು. ಐದು ಗಂಟೆಗೆ ಲಕೋಟೆ ಹೊರಟಿತು, ಹನ್ನೊಂದು ಹೆಸರಿನೊಂದಿಗೆ.

ಆಗಸ್ಟಿನಲ್ಲಿ ಹೌಸ್‌ಕೀಪಿಂಗ್ ಗುತ್ತಿಗೆಯ ಒಂದು ಕಂಪನಿ ನಾಗವೇಣಿಯನ್ನು ತೆಗೆದುಕೊಂಡಿತು. ನಿಲ್ದಾಣದ ಕಟ್ಟಡ ಮುಗಿದಿರಲಿಲ್ಲ. ಅಲ್ಲಿನ ತಾತ್ಕಾಲಿಕ ಕಚೇರಿಗಳ ನೆಲ ಒರೆಸುವ ಕೆಲಸ. ನಮ್ಮ ಲೆಕ್ಕದಲ್ಲಿ ಅದು ಒಂದು ಯಶಸ್ಸು. ಕೆಲಸ ಸಿಕ್ಕವರ ಸಂಖ್ಯೆಗೆ ಒಂದು ಸೇರಿತು.

ಕೆಲಸಕ್ಕೆ ಸೇರಿದವರ ಮನೆಗೆ ಎರಡು ತಿಂಗಳೊಳಗೆ ಹೋಗಿ ವಿಚಾರಿಸುವುದು ನನ್ನ ಪದ್ಧತಿ. ಶನಿವಾರ ಮಧ್ಯಾಹ್ನಗಳನ್ನು ಅದಕ್ಕೆಂದೇ ಇಟ್ಟಿದ್ದೆ. ಸೆಪ್ಟೆಂಬರ್ ಕೊನೆಯ ಶನಿವಾರ ಮುನಿಯಮ್ಮನನ್ನು ಹುಡುಕಿಕೊಂಡು ಆ ಮಗ್ಗದ ಷೆಡ್ಡಿಗೆ ಹೋದೆ. ಎಂಟು ಮಗ್ಗ ಒಟ್ಟಿಗೆ ಓಡುವ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಮಾಲೀಕರು ಗಂಗಾಧರಪ್ಪ ಎಂಬವರು, ಅರವತ್ತರ ಆಸುಪಾಸಿನವರು, ನನ್ನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದರು. ನಾನು ಯಾರೆಂದು ತಿಳಿದ ಕೂಡಲೇ ಮುಖ ಗಂಟು ಹಾಕಿಕೊಂಡರು.

“ನೀವೇನಾ ಮೇಡಂ? ಒಳ್ಳೇ ಹುಡುಗೀನ ಕಸ ಗುಡಿಸಾಕೆ ಕಳಿಸ್ಬುಟ್ರಲ್ಲ.”

“ಅವಳ ಆಸಕ್ತಿಗೆ ತಕ್ಕ ಹಾಗೆ ಕಳಿಸಿದೀವಿ,” ಎಂದೆ. ಸುಮ್ಮನಿರಲಾರದೆ, “ಮಗ್ಗದ ಯಂತ್ರದ ಕೆಲಸವೇನಾದರೂ ಅವಳಿಗೆ ಬರ್ತಿತ್ತಾ?” ಎಂದು ಕೇಳಿದೆ.

ಗಂಗಾಧರಪ್ಪ ಒಂದು ಕ್ಷಣ ಯೋಚಿಸಿದರು. ತೂಕವಾಗಿ, “ಪರವಾಗಿಲ್ಲ ಮೇಡಂ,” ಎಂದರು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. “ಅವ್ಳಿದ್ದ ಎರ್ಡು ವರ್ಷ ನಾನು ಬೆಂಗ್ಳೂರಿಂದ ಮೆಕ್ಯಾನಿಕ್‌ನ ಕರ್ಸಿಲ್ಲ. ಲಾಳಿ ಹಾರಿದ್ರೆ, ಗೇರು ಕಚ್ಕಂಡ್ರೆ, ಬೆಲ್ಟು ಸಡ್ಲ ಆದ್ರೆ, ಎಲ್ಲಾ ಅವ್ಳೇ. ಕಿವಿ ಕೊಟ್ಟು ಸದ್ದು ಕೇಳೋಳು, ಯಾವ ಮಗ್ಗ ನಾಳೆ ನಿಲ್ತದೆ ಅಂತ ಇವತ್ತೇ ಹೇಳೋಳು. ಈಗ ನೋಡಿ, ಎರ್ಡು ಮಗ್ಗ ನಿಂತು ಹದಿನೈದು ದಿನ ಆಯ್ತು.”

ಆ ‘ಪರವಾಗಿಲ್ಲ’ ಅವರ ಬಾಯಲ್ಲಿ ಬಂದ ರೀತಿ ನನಗೆ ಈಗಲೂ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವರಲ್ಲಿರಲಿಲ್ಲ. ಮುಖದ ಮೇಲೆ ಚೆನ್ನಾಗಿದೆ ಎಂದುಬಿಟ್ಟರೆ ದೃಷ್ಟಿಯಾದೀತು, ಅತಿಯಾದೀತು ಎಂದು ಹಿಡಿದು ಆಡುವ ಮಾತದು. ನನಗೆ ಅದು ಗೊತ್ತಿರಲಿಲ್ಲವೇ? ಮೈಸೂರಿನ ನಮ್ಮ ಮನೆಯಲ್ಲಿ ನನ್ನ ತಾಯಿ ಸೊಸೆ ಮಾಡಿದ ಹುಳಿಯನ್ನು ಎರಡನೇ ಸಲ ಬಡಿಸಿಕೊಳ್ಳುತ್ತ ಹೇಳುತ್ತಿದ್ದದ್ದು ಅದೇ ಮಾತು. ನನ್ನ ವಿದ್ಯಾರ್ಥಿಗಳು ನೂರಕ್ಕೆ ತೊಂಬತ್ತೆಂಟು ತಂದಾಗ ನಾನು ಹೇಳುತ್ತಿದ್ದದ್ದೂ ಅದೇ. ದಿನವೂ ಆಡುತ್ತಿದ್ದ ಮಾತಿನ ಅರ್ಥವನ್ನು ಚೌಕದಲ್ಲಿ ಹಿಡಿಸುತ್ತದೆಂದು ಬದಲಾಯಿಸಿಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೇ ಕೇಂದ್ರ ತೆಗೆದೆ. ನಾಗವೇಣಿಯ ಹಾಳೆ ಹುಡುಕಿದೆ. ಯಂತ್ರದ ಹದಿನೈದು ಪ್ರಶ್ನೆಗಳಲ್ಲಿ ಹದಿನಾಲ್ಕಕ್ಕೆ ಎರಡು ಒತ್ತಿದ್ದಳು, ಒಂದರ ಕೆಳಗೊಂದು ಹದಿನಾಲ್ಕು ಎರಡುಗಳು. ಇಷ್ಟವಿಲ್ಲ ಎಂದದ್ದು ಒಂದಕ್ಕೆ ಮಾತ್ರ, ಬಿಡಿಭಾಗಗಳ ಪಟ್ಟಿ ಬರೆದಿಡುವುದಕ್ಕೆ. ಎಪ್ಪತ್ತೊಂದನೆಯ ಪ್ರಶ್ನೆಯನ್ನೂ ನೋಡಿದೆ. ‘ಬೇರೆಯವರು ಬಳಸುವ ಕೋಣೆಗಳನ್ನು ಶುಚಿಯಾಗಿಡುವುದು.’ ಅದಕ್ಕೆ ಅವಳು ಮೂರು ಒತ್ತಿದ್ದಳು. ಐವತ್ತೊಂದು ಕೆಲಸಗಳನ್ನು ಬೇಡವೆಂದು ಖಚಿತವಾಗಿ ಹೇಳಿದ್ದ ಹುಡುಗಿಗೆ ಆಸಕ್ತಿಯೇ ಇಲ್ಲವೆಂದು ಬರೆದು, ಬೇಡವೆಂದ ಕೆಲಸಕ್ಕೇ ಕಳಿಸಿದ್ದೆ. ಕೆಳಗೆ ನನ್ನ ಸಹಿ.

ಇಲ್ಲಿಯವರೆಗಿನದು ತಪ್ಪು. ಭಾಷಾಂತರದಲ್ಲಿ ಯಾರಿಂದಲೂ ಆಗಬಹುದಾದ ತಪ್ಪು ಎಂದು ಯಾರಾದರೂ ಸಮಾಧಾನ ಹೇಳಬಹುದು. ಮುಂದಿನದಕ್ಕೆ ಆ ಸಮಾಧಾನವಿಲ್ಲ.

ಶ್ರೀನಿವಾಸ್ ಬರುತ್ತಿದ್ದದ್ದು ಒಂಬತ್ತೂವರೆಗೆ. ಅವರು ಬರುವುದರೊಳಗೆ ಕಂಪ್ಯೂಟರಿನಲ್ಲಿ ‘ಪರವಾಗಿಲ್ಲ’ ಎಂಬುದನ್ನು ಅಳಿಸಿ ‘ಗೊತ್ತಿಲ್ಲ’ ಎಂದು ಹಾಕಿದೆ. ‘ಇಷ್ಟ’ ಎಂಬುದನ್ನು ‘ಮಾಡ್ತೀನಿ’ ಎಂದೂ, ‘ಇಷ್ಟವಿಲ್ಲ’ ಎಂಬುದನ್ನು ‘ಮಾಡಲ್ಲ’ ಎಂದೂ ಬದಲಾಯಿಸಿದೆ. ಹೆಣ್ಣುಮಕ್ಕಳು ತಾಯಿಯ ಮುಂದೆಯೂ ‘ಮಾಡ್ತೀನಿ’ ಎಂದು ಸಂಕೋಚವಿಲ್ಲದೆ ಒತ್ತಬಹುದು. ನಾಲ್ಕೂ ಕಂಪ್ಯೂಟರಿಗೆ ಸೇರಿ ನಲವತ್ತು ನಿಮಿಷ ಹಿಡಿಯಿತು. ತಿದ್ದುಪಡಿ ಸರಿಯಾಗಿಯೇ ಇತ್ತು. ಆದರೆ ತಿಂಗಳ ವರದಿಯಲ್ಲಿ ನಾನು ಬರೆದದ್ದು ಇಷ್ಟೇ: ‘ಪ್ರಶ್ನಾವಳಿಯಲ್ಲಿ ಸಣ್ಣಪುಟ್ಟ ಭಾಷಾ ತಿದ್ದುಪಡಿ ಮಾಡಲಾಗಿದೆ.’ ಯಾರು ಮಾಡಿದರು, ಯಾಕೆ ಮಾಡಿದರು, ಅದಕ್ಕೆ ಮೊದಲು ಕುಳಿತವರ ಗತಿಯೇನು ಎಂಬುದರ ಬಗ್ಗೆ ಒಂದಕ್ಷರವಿಲ್ಲ. ‘ಮಾಡಲಾಗಿದೆ’ ಎಂದು ಬರೆದರೆ ಮಾಡಿದವರು ಯಾರೂ ಇರುವುದಿಲ್ಲ. ಆ ಅನುಕೂಲವನ್ನು ನಾನು ಪೂರ್ತಿ ಬಳಸಿಕೊಂಡೆ.

ಶ್ರೀನಿವಾಸ್ ಬಂದು ತೆರೆ ನೋಡಿ, “ಇದು ಚೆನ್ನಾಗೈತೆ ಮೇಡಂ,” ಎಂದರು. ಯಾಕೆ ಬದಲಾಯಿಸಿದಿರಿ ಎಂದು ಕೇಳಿದರು. ಸುಮ್ಮನೆ, ಇನ್ನೂ ಸರಳವಾಗಲಿ ಎಂದು, ಎಂದೆ.

ಜನವರಿ ೨೦೦೮ರಲ್ಲಿ ಅದೇ ಟ್ರೇನಿ ಕೆಲಸಕ್ಕೆ ಎರಡನೇ ತಂಡ ಕರೆದರು. ಈ ಸಲ ನಮ್ಮ ಪಾಲಿಗೆ ಎಂಟು ಹೆಸರು. ನಾಗವೇಣಿಯ ಜನ್ಮದಿನಾಂಕ ಅರ್ಜಿಯಲ್ಲಿತ್ತು, ೧೯೮೮ರ ಫೆಬ್ರವರಿ ಒಂಬತ್ತು. ಪಟ್ಟಿಯ ಕೊನೆಯ ದಿನ ಜನವರಿ ಇಪ್ಪತ್ತು. ಇಪ್ಪತ್ತು ವರ್ಷ ತುಂಬಲು ಇನ್ನೂ ಇಪ್ಪತ್ತು ದಿನ ಇತ್ತು. ಆರು ತಿಂಗಳೂ ಕಳೆದಿತ್ತು. ನನ್ನ ನಿಯಮದ ಪ್ರಕಾರವೇ ಅವಳನ್ನು ಕರೆಯಬಹುದಾಗಿತ್ತು. ಅವಳ ಹಾಳೆಯನ್ನು ನಾನು ಎರಡು ಸಲ ಹೊರಗೆ ತೆಗೆದೆ. ಕರೆದರೆ ಯಾಕೆ ಕರೆದಿರಿ ಎಂದು ಕೇಳುತ್ತಾಳೆ. ಹೇಳಬೇಕಾಗುತ್ತದೆ. ಅವಳಿಗೆ ಹೇಳಿದರೆ ಹಾಗೇ ‘ನಿರ್ದಿಷ್ಟ ಆಸಕ್ತಿ ಕಂಡುಬಂದಿಲ್ಲ’ ಎಂದು ಅಚ್ಚಾದ ಉಳಿದ ಅರವತ್ತು ಜನಕ್ಕೂ ಹೇಳಬೇಕಾಗುತ್ತದೆ. ಬೆಂಗಳೂರಿಗೆ ತಿಳಿಯುತ್ತದೆ. ನನ್ನ ಅವಧಿ ಮೇ ಕೊನೆಗೆ ಮುಗಿಯುವುದಿತ್ತು, ಮುಂದುವರಿಸುವ ಮಾತು ನಡೆಯುತ್ತಿತ್ತು. ಹಾಳೆಯನ್ನು ಎರಡೂ ಸಲ ಒಳಗಿಟ್ಟೆ. ಎಂಟು ಹೊಸ ಹೆಸರುಗಳು ಹೋದವು. ಅವರೆಲ್ಲ ಅರ್ಹರೇ, ಅವರದೇನೂ ತಪ್ಪಿಲ್ಲ.

ಏಪ್ರಿಲ್ ಎರಡನೇ ವಾರ ವಾರ್ಷಿಕ ವರದಿಗೆ ಅಂಕಿ ತೆಗೆಯುತ್ತಿದ್ದಾಗ ಶ್ರೀನಿವಾಸ್ ಗಟ್ಟಿಯಾಗಿ ನಕ್ಕರು.

“ಮೇಡಂ, ನಮ್ ತಾಲ್ಲೂಕಿನ ಜನಕ್ಕೆ ಸೆಪ್ಟೆಂಬರ್‌ವರ್ಗೂ ಯಾವ್ ಆಸೆನೂ ಇರ್ಲಿಲ್ಲ. ಅಕ್ಟೋಬರ್ ಒಂದಕ್ಕೆ ಎಲ್ಲಾರ್ಗೂ ಒಟ್ಗೆ ಬಂದ್ಬಿಟ್ಟೈತೆ ನೋಡಿ.”

ಅವರು ತೋರಿಸಿದ ಕಾಗದದಲ್ಲಿ ಆಸಕ್ತಿ ಇಲ್ಲದವರ ಸಂಖ್ಯೆ ಒಂದೇ ತಿಂಗಳಿಗೆ ಒಂದೆರಡಕ್ಕೆ ಇಳಿದಿತ್ತು. ನಾನು ನಗಲಿಲ್ಲ. ಅವರ ನಗುವೂ ನಿಂತಿತು. ಟೈಪಿಂಗ್ ಶಾಲೆಯವರು, ಒಂದು ಅಕ್ಷರ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವುದು ಅವರಿಗೆ ಅಭ್ಯಾಸ. ಕಾಗದವನ್ನು, ನನ್ನನ್ನು, ಮತ್ತೆ ಕಾಗದವನ್ನು ನೋಡಿದರು.

“ಆ ಮಗ್ಗದ ಹುಡುಗಿ,” ಎಂದರು.

“ಹೌದು.”

“ನಿಮಗೆ ಆವಾಗ್ಲೇ ಗೊತ್ತಿತ್ತಾ ಮೇಡಂ?”

“ಸೆಪ್ಟೆಂಬರ್‌ನಲ್ಲಿ ಗೊತ್ತಾಯ್ತು.”

ಅವರು ಅಂಕಿಗಳನ್ನು ಇದ್ದ ಹಾಗೇ ವರದಿಗೆ ಹಾಕಿ, ಸಂಜೆ ನಮಸ್ಕಾರ ಹೇಳದೆ ಮನೆಗೆ ಹೋದರು. ಎರಡು ವರ್ಷದಲ್ಲಿ ಅದೊಂದೇ ದಿನ.

ಮಾರನೆಯ ದಿನವೇ ನಾಗವೇಣಿಯ ಬಳಿ ಹೋದೆ ಎಂದು ಬರೆಯಲು ನನಗೂ ಆಸೆ. ಹೋದದ್ದು ಹದಿನಾರು ದಿನ ಬಿಟ್ಟು, ಏಪ್ರಿಲ್ ಕೊನೆಗೆ. ಅವಳಿಗೆ ಬೆಳಗಿನ ಪಾಳಿ. ಕಂಪನಿಯ ವ್ಯಾನು ಮಧ್ಯಾಹ್ನ ಮೂರಕ್ಕೆ ಅವರನ್ನು ಹಳೇ ಬಸ್ ನಿಲ್ದಾಣದ ಮುಂದೆ ಇಳಿಸುತ್ತಿತ್ತು. ಅಲ್ಲಿ ಕಾದು ನಿಂತೆ. ನೀಲಿ ಸಮವಸ್ತ್ರದಲ್ಲಿ ಇಳಿದಳು. ಸೊರಗಿದ್ದಳು. ನನ್ನನ್ನು ನೋಡಿ ನಕ್ಕು, “ಚೆನ್ನಾಗಿದೀರಾ ಮೇಡಂ,” ಎಂದಳು.

ಬಿಸಿಲಿತ್ತು. ಅಂಗಡಿಯೊಂದರ ನೆರಳಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಎರಡು ಒತ್ತಿದ್ದನ್ನು ಕಂಪ್ಯೂಟರು ಸೊನ್ನೆ ಎಂದು ಎಣಿಸುತ್ತಿತ್ತು, ಆ ಮಾತನ್ನು ಅಲ್ಲಿ ಹಾಕಿದವಳು ನಾನು, ನೀನು ಹೇಳಿದ್ದು ಸರಿಯಾಗಿತ್ತು, ನಾನು ಓದಿದ್ದು ತಪ್ಪು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಸಿಟ್ಟಾಗುತ್ತಾಳೆಂದುಕೊಂಡಿದ್ದೆ, ಸಿಟ್ಟು ಕಾಣಲಿಲ್ಲ. ಲೆಕ್ಕ ಹಾಕುವವಳ ಹಾಗೆ ರಸ್ತೆ ನೋಡುತ್ತ ನಿಂತಳು.

“ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?” ಎಂದು ಕೇಳಿದಳು. ಶ್ರೀನಿವಾಸ್ ಕೇಳಿದ್ದನ್ನೇ ಕೇಳಿದಳು.

“ಸೆಪ್ಟೆಂಬರ್.”

“ಮತ್ತೆ ಸಂಕ್ರಾಂತಿ ಆದ್ಮೇಲೆ ಇದೇ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರಲ್ಲ ಮೇಡಂ. ನಿಂತ್ಕೊಂಡು ಮಾತಾಡಿಸಿದ್ರಿ. ಕೆಲ್ಸ ಹೆಂಗೈತೆ, ಊಟ ಕೊಡ್ತಾರಾ ಅಂತೆಲ್ಲ ಕೇಳಿದ್ರಿ.”

ನಿಜ. ಜನವರಿ ಹದಿನೇಳು, ಗುರುವಾರ. ಪಟ್ಟಿ ಹೋಗಲು ಮೂರು ದಿನ ಬಾಕಿ ಇತ್ತು, ಅದು ನನ್ನ ಚೀಲದಲ್ಲೇ ಇತ್ತು. ಈ ಭೇಟಿಯನ್ನು ನಾನು ಮೇಲೆ ಅದರ ಜಾಗದಲ್ಲಿ ಬರೆಯಬೇಕಾಗಿತ್ತು. ಜನವರಿಯ ವಿಷಯ ಬರೆಯುವಾಗ ಬರೆಯದೆ ದಾಟಿಸಿದೆ. ಅವಳ ಬಾಯಿಂದ ಬಂದ ಮೇಲೆ ದಾಟಿಸುವಂತಿಲ್ಲ.

“ಆವತ್ತು ನನಗೆ ಹತ್ತೊಂಬತ್ತೇ ಇತ್ತು ಮೇಡಂ,” ಎಂದಳು ನಾಗವೇಣಿ. ದನಿ ಏರಿಸಲಿಲ್ಲ. “ನಾನೂ ಎರ್ಡನೇ ತಂಡದ ಚೀಟಿ ನಿಮ್ ಬಾಗ್ಲಲ್ಲಿ ನೋಡಿದ್ದೆ. ಎರ್ಡನೇ ಸಲ ಕೇಳಿದ್ರೆ ಬೈತೀರೇನೋ ಅಂತ ಸುಮ್ಕಾದೆ.”

ರಾಜಘಟ್ಟದ ಬಸ್ಸು ಬಂತು. ಬರ್ತೀನಿ ಮೇಡಂ ಎಂದು ಓಡಿಹೋಗಿ ಹತ್ತಿದಳು.

ಆ ವಾರ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ತರಬೇತಿಯವರಿಗೆ ತಪ್ಪು ನನ್ನದೆಂದು ಬರೆದು, ಒಂದು ವಿನಾಯಿತಿ ಕೊಡಿ ಎಂದು ಕೇಳಿದೆ. ವಯಸ್ಸಿನ ನಿಯಮ ಸಡಿಲಿಸಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ. ಬೆಂಗಳೂರಿಗೆ ಮೂರು ಪುಟದ ಪತ್ರ ಬರೆದೆ. ಅದರಲ್ಲಿ ಪ್ರತಿ ವಾಕ್ಯವೂ ‘ನಾನು’ ಎಂದೇ ಶುರುವಾಗುವಂತೆ ನೋಡಿಕೊಂಡೆ. ನನ್ನನ್ನು ತೆಗೆಯಲಿಲ್ಲ. ಒಂದು ವರ್ಷಕ್ಕೆ ಮಾತ್ರ ಮುಂದುವರಿಸಿದರು. ಉಳಿದ ಅರವತ್ತು ಜನಕ್ಕೆ ನಾನೂ ಶ್ರೀನಿವಾಸರೂ ಕೈಯಲ್ಲೇ ಕಾರ್ಡು ಬರೆದೆವು. ಇಪ್ಪತ್ತಮೂರು ಜನ ಬಂದರು. ಸೂಲಿಬೆಲೆಗೆ ಮದುವೆಯಾಗಿ ಹೋಗಿದ್ದ ಒಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. ಪರೀಕ್ಷೆ ಮುಗಿಸಿ, “ಈಗ ಗೊತ್ತಾಗಿ ಏನ್ ಮಾಡ್ಲಿ ಮೇಡಂ,” ಎಂದು ಕೇಳಿದಳು. ನಾಗವೇಣಿಗೂ ಕಾರ್ಡು ಹೋಗಿತ್ತು. ಅವಳು ಬರಲಿಲ್ಲ. ಹೌಸ್‌ಕೀಪಿಂಗ್ ಬಿಟ್ಟು ಮತ್ತೆ ಮಗ್ಗಕ್ಕೆ ಸೇರಿದಳೆಂದು ಗಂಗಾಧರಪ್ಪ ಹೇಳಿದರು. ಎರಡು ವರ್ಷದ ಮೇಲೆ ಅವರು ಮಗ್ಗಗಳನ್ನು ಮಾರಿದರು. ಆಮೇಲಿನದು ನನಗೆ ತಿಳಿಯದು.

ಅಲ್ಲಿಂದ ಮುಂದೆ ನಮ್ಮ ಅರ್ಜಿಯ ಮೊದಲ ಸಾಲು ಬದಲಾಯಿತು. ಕಂಪ್ಯೂಟರಿನ ಮುಂದೆ ಕೂರಿಸುವ ಮೊದಲು ‘ನಿನಗೆ ಯಾವ ಕೆಲಸ ಬೇಕು, ಈಗ ಮಾಡುತ್ತಿರುವುದರಲ್ಲಿ ನಿನಗೆ ಏನೇನು ಬರುತ್ತದೆ’ ಎಂದು ಬಾಯಲ್ಲೇ ಕೇಳಿ, ಅವರು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದೆವು. ಕಂಪ್ಯೂಟರಿನ ಹಾಳೆಗೂ ಆ ಮಾತಿಗೂ ತಾಳೆಯಾಗದಿದ್ದರೆ ಹಾಳೆಯನ್ನು ಅನುಮಾನಿಸಬೇಕೆಂದು ನಿಯಮ ಮಾಡಿದೆ. ಇಪ್ಪತ್ತೈದು ನಿಮಿಷ ಸಾಕಾಗುತ್ತಿರಲಿಲ್ಲ. ಆ ನಿಯಮವನ್ನು ಬಿಟ್ಟೆ.

ವೃತ್ತಿ ಮಾರ್ಗದರ್ಶನಕ್ಕೆ ಹೊಸದಾಗಿ ಬರುವ ಕಿರಿಯರು ಕೆಲವೊಮ್ಮೆ ನನ್ನ ಸಲಹೆ ಕೇಳುತ್ತಾರೆ. ಈಗಿನ ಪರೀಕ್ಷೆಗಳು ಮೊಬೈಲಿನಲ್ಲೇ ಇವೆ, ಭಾಷೆಯೂ ಸುಧಾರಿಸಿದೆ. ತಪ್ಪುಗಳು ಆಗಿಯೇ ಆಗುತ್ತವೆ, ನಮ್ಮದಕ್ಕಿಂತ ಬೇರೆ ಥರದವು. ಆದಾಗ ಕಂಪ್ಯೂಟರಿಗೆ ಕೈ ಹಾಕುವ ಮೊದಲು, ವರದಿಗೆ ಪೆನ್ನು ಎತ್ತುವ ಮೊದಲು, ಅದರಿಂದ ಯಾರಿಗೆ ಏನು ತಪ್ಪಿಹೋಯಿತೋ ಅವರ ಮನೆಗೆ ಹೋಗಿ ಹೇಳಬೇಕು. ಅವರ ಅವಕಾಶಕ್ಕೆ ಇನ್ನೂ ಎಷ್ಟು ದಿನ ಉಳಿದಿದೆ ಎಂಬುದು ನಮಗೆ ಗೊತ್ತಿರುವುದಿಲ್ಲ. ನನಗೆ ಗೊತ್ತಿತ್ತು. ಇಪ್ಪತ್ತು ದಿನ.